ಜೋಡಿ ಸೈಕಲ್ಲಿನ ಮುಂದಿನ ಸೀಟು

ಟ್ರಸಿಮೇನೊ ಸರೋವರದ ಪೂರ್ವದ ದಡದಲ್ಲಿ, ಮೀನುಗಾರರ ಊರಾದ ಸಾನ್ ಫೆಲಿಚಾನೊ ದಾಟಿ ಜಲ್ಲಿ ದಾರಿ ಹಿಡಿದರೆ, ಜೊಕ್ಕೊ ಕೋಟೆಯ ಮುರುಕು ಗೋಡೆ ಎದುರಾಗುವ ತಿರುವಿನಲ್ಲಿ ಎರ್ಮೀನಿಯಾ ಅಜ್ಜಿಯ ಮನೆ. ಮೇ ತಿಂಗಳ ಆ ಶನಿವಾರ ಮಧ್ಯಾಹ್ನ ನೀವೆಸ್ ಮತ್ತು ಅವಳ ಸೈಕಲ್ ಕ್ಲಬ್ಬಿನ ಮೂವರು ಅಲ್ಲಿಗೆ ಓಡಿ ಬಂದದ್ದು ಮಳೆಯಿಂದ ತಪ್ಪಿಸಿಕೊಳ್ಳಲು. ಮುಂದಿನ ತಿಂಗಳ ಸವಾರಿಗೆಂದು ಸರೋವರದ ಸುತ್ತಲಿನ ದಾರಿ ನೋಡಿಕೊಂಡು ಬರುವುದು ನೀವೆಸ್‌ಳ ಪಾಲಿಗೆ ಬಿದ್ದ ಕೆಲಸ. ಮಳೆ ಹೇಗೆ ಹೊಡೆಯಿತೆಂದರೆ ಎದುರಿನ ಪೋಲ್ವೇಸೆ ದ್ವೀಪವೇ ಕಣ್ಣಿಂದ ಮಾಯವಾಯಿತು.

ಅಜ್ಜಿ ಯಾರು ಏನು ಎಂದು ಕೇಳಲಿಲ್ಲ. ಒಲೆಗೆ ಎರಡು ಕೊರಡು ಹಾಕಿದಳು, ಅವರ ಬೂಟುಗಳನ್ನು ಅದರ ಮುಂದೆ ಸಾಲಾಗಿ ಇಟ್ಟಳು, ಸಣ್ಣ ಕಾಳಿನ ಸಾರು ಬಿಸಿಗಿಟ್ಟಳು, ಕಲ್ಲಿನ ಮೇಲೆ ಸುಟ್ಟ ದಪ್ಪ ರೊಟ್ಟಿ ಮುರಿದು ಎಲ್ಲರ ಕೈಗೂ ಕೊಟ್ಟಳು. ಎಂಬತ್ತಮೂರು ವರ್ಷದ ಗಿಡ್ಡ ಹೆಂಗಸು. ಕಾಲು ಎಳೆದು ನಡೆಯುತ್ತಿದ್ದಳು.

ಕ್ಲಬ್ಬಿನ ಆ ಮೂವರಲ್ಲಿ ಸುಮ್ಮನಿರಲಾರದ ದುಯೀಲಿಯೊ ಕೇಳಿದ: "ಅಜ್ಜಿ, ಆ ಕೋಟೇಲಿ ದೆವ್ವ ಇದೆಯಂತೆ, ಹೌದಾ?"

"ಕೋಟೇಲಿರೋದು ಬಾವಲಿ ಕಣಪ್ಪ. ಚಾವಣಿನೇ ಇಲ್ಲದ ಕಡೆ ನೆನೀತಾ ಕೂತಿರೋಕೆ ದೆವ್ವಕ್ಕೇನು ತಲೆ ಕೆಟ್ಟಿದೆಯಾ?"

"ಮತ್ತೆ ಎಲ್ಲಿದೆ?"

"ನೀವು ಬಂದ್ರಲ್ಲ, ಆ ದಾರೀಲಿ."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ನೀವೆಸ್‌ಳ ಪಕ್ಕದ ಕುರ್ಚಿ ಎಳೆದು ಕೂತಳು. ಕಿಟಕಿಯತ್ತ ಒಮ್ಮೆ ನೋಡಿದಳು. ಅಜ್ಜಿ ಶುರುಮಾಡಿದಳು.

"ನನ್ನಣ್ಣ ನಜ್ಜರೇನೊ ಅಂತ, ಈ ಕೆರೆ ಮೇಲೇ ಬಲೆ ಹಾಕಿ ಬದುಕಿದೋನು. ಮೂವತ್ತಾರನೇ ವಯಸ್ಸಲ್ಲಿ ಇದೇ ಮನೆಗೆ ಬಳಿಯೋಕೆ ಸುಣ್ಣ ಅರಳಿಸ್ತಿದ್ದಾಗ ಅದು ಮುಖಕ್ಕೆ ಸಿಡಿದು ಎರಡೂ ಕಣ್ಣು ಹೋಯ್ತು. ಗಂಡಸು ಒಂದು ವರ್ಷ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದ. ಆಮೇಲೆ ಅತ್ತಿಗೆ, ಪಾಲ್ಮೀರಾ, ಏನು ಮಾಡಿದ್ಲು ಗೊತ್ತಾ? ಹಳೇ ಸೈಕಲ್ ಎರಡು ತಗೊಂಡು ಮಾಜೋನೆಯಲ್ಲಿ ಬೆಸುಗೆ ಹಾಕೋನ ಹತ್ರ ಹೋಗಿ ಎರಡನ್ನೂ ಕತ್ತರಿಸಿ ಒಂದು ಮಾಡಿಸ್ಕೊಂಡು ಬಂದ್ಲು. ಮುಂದಿನ ಸೀಟಲ್ಲಿ ತಾನು, ಹಿಂದಿನ ಸೀಟಲ್ಲಿ ಗಂಡ. ಎದ್ದು ಕೂತ್ಕೋ, ನಿನಗೆ ಕೆರೆ ತೋರಿಸ್ತೀನಿ ಅಂದ್ಲು.

ತೋರಿಸೋದು ಅಂದ್ರೆ ಬಾಯಲ್ಲಿ. ಅತ್ತಿಗೆಗೆ ಅದೆಂಥ ಬಾಯಿ ಅಂತೀರಿ... ತುಳೀತಾ ತುಳೀತಾ ಹೇಳ್ತಾನೇ ಇರೋಳು, ಇಗೋ ನೀರು ಇವತ್ತು ಹಳೇ ತಟ್ಟೆ ಬಣ್ಣ ಇದೆ, ಇಗೋ ಸಾನ್ ಸವೀನೊ ಗೋಪುರದ ಮೇಲೆ ಪಾದ್ರಿ ಥರ ಒಂದು ಕೊಕ್ಕರೆ ಕೂತಿದೆ, ಇಗೋ ತುಓರೊ ಬಯಲು ಬಂತು, ಹ್ಯಾನಿಬಲ್ ಹಿಂದೆ ಯುದ್ಧದಲ್ಲಿ ಅಷ್ಟು ಸಾವಿರ ಜನಾನ ಕೊಂದ ಜಾಗ ಅಂತ ಬೋರ್ಡ್ ಓದ್ಕೊಂಡು ಜನ ಹಾಯಾಗಿ ರೊಟ್ಟಿ ತಿಂತಿದಾರೆ ನೋಡು ಅಂತ. ಇಲ್ಲದ್ದನ್ನೂ ಸೇರಿಸಿ ಹೇಳೋಳು. ಅಣ್ಣಂಗೂ ಗೊತ್ತು, ನಗೋನು. ಮೂವತ್ತನಾಲ್ಕು ವರ್ಷ ಹೀಗೆ... ಕೆರೆ ಸುತ್ತ ಅರವತ್ತು ಕಿಲೋಮೀಟರ್, ಬೇಸಿಗೇಲಿ ಭಾನುವಾರ ತಪ್ಪದೆ. ಕಣ್ಣಿರೋರು ಯಾರೂ ಅವನಷ್ಟು ಈ ಕೆರೆ ನೋಡಿಲ್ಲ.

ಅತ್ತಿಗೆ ಹೋಗಿದ್ದು ಒಂದು ಫೆಬ್ರವರಿ, ಎದೆ ಶೀತ ಆಗಿ, ಎಂಟೇ ದಿನಕ್ಕೆ. ನಾನು ಮದುವೆ ಆದೋಳಲ್ಲ. ಪೆರೂಜಾದಲ್ಲಿ ಹೊಲಿಗೆ ಕೆಲಸ ಮಾಡ್ಕೊಂಡಿದ್ದೆ, ಅದನ್ನ ಬಿಟ್ಟು ಅಣ್ಣನ್ನ ನೋಡ್ಕೊಳ್ಳೋಕೆ ಬಂದೆ. ಬಂದು ಒಂದು ವಾರಕ್ಕೆ ಕೊಟ್ಟಿಗೆ ಬಾಗಿಲು ತೆಗೀತೀನಿ... ಗೋಡೆಗೆ ಒರಗಿಸಿದ್ದ ಆ ಸೈಕಲ್ ಹಿಂದಿನ ಸೀಟ್ ಮೇಲೆ ಕೂತಿದಾನೆ ಅಣ್ಣ. ಪೆಡಲ್ ಹಿಂದಕ್ಕೆ ತಿರುಗಿಸ್ತಿದಾನೆ. ಕಣ್ಣು ಮುಚ್ಚಿದೆ. ಅವನ ಕಣ್ಣು ತೆಗೆದಿದ್ರೂ ಅಷ್ಟೇ, ಮುಚ್ಚಿದ್ರೂ ಅಷ್ಟೇ ಅಲ್ವಾ, ಆದ್ರೂ ಮುಚ್ಕೊಂಡಿದ್ದ.

ಎರಡು ತಿಂಗಳು ದಿನಾ ನೋಡ್ದೆ. ಏಪ್ರಿಲ್‌ನಲ್ಲಿ ಒಂದು ದಿನ ತಡೀಲಿಲ್ಲ. ಬಾಯಿ ಬಿಡದೆ ಹೋಗಿ ಮುಂದಿನ ಸೀಟ್ ಹತ್ತಿದೆ. ಅತ್ತಿಗೆ ಎತ್ತರದೋಳು, ನನ್ನ ಕಾಲು ಎಟುಕಲಿಲ್ಲ. ಬೆರಳ ತುದೀಲಿ ತುಳಿದೆ. ಅಣ್ಣ ಒಂದು ಗಳಿಗೆ ಉಸಿರು ಹಿಡಿದ, ಆಮೇಲೆ 'ಬಂದ್ಯಾ ಪಾಲ್ಮೀರಾ' ಅಂದ.

ನಾನು ಮಾತಾಡಿದ್ರೆ ಗೊತ್ತಾಗಿಬಿಡುತ್ತಲ್ಲ? ಅದಕ್ಕೆ ಸುಮ್ಮನಿದ್ದೆ. ಸಾನ್ ಸವೀನೊವರೆಗೆ ಹೋಗಿ ವಾಪಸ್ ಬಂದ್ವಿ, ಅದಕ್ಕಿಂತ ಮುಂದೆ ನನ್ನ ಮಂಡಿ ಬಿಡ್ತಿರಲಿಲ್ಲ. ಮಾರನೇ ದಿನವೂ ಹೋದ್ವಿ. ಆಮೇಲೆ ದಿನಾ. ಈಗ ಅವನು ಮಾತಾಡೋಕೆ ಶುರು ಮಾಡ್ದ ನೋಡಿ... ತಂಗಿ ಸಾರಿಗೆ ಉಪ್ಪೇ ಹಾಕಲ್ಲ ಪಾಲ್ಮೀರಾ, ಡಾಕ್ಟರ್ ಹೇಳಿದಾರಂತೆ. ತಂಗಿ ನನ್ನ ಅಂಗಿ ಬಟನ್ ತಾನೇ ಹಾಕ್ತಾಳೆ, ನನ್ನೇನು ಮಗು ಅಂದ್ಕೊಂಡಿದಾಳಾ. ನಾನು ಮುಂದೆ ಕೂತು ತುಳೀತಾ ಒಳಗೊಳಗೇ ಬೈಕೊಂಡು ಬರ್ತಿದ್ದೆ.

ಜೂನ್‌ನಲ್ಲಿ ಒಂದು ದಿನ, ಇದೇ ತಿರುವು, ಅಗೋ ಅಲ್ಲಿ. 'ಪಾಲ್ಮೀರಾ, ನಿನಗೂ ಹೇಳದ ಒಂದು ವಿಷಯ ಇದೆ' ಅಂದ. ಒರೇಸ್ತೆ ಅಂತ ಒಬ್ಬ ಇದ್ದ, ಪಾಸಿಗ್ನಾನೊದ ದೋಣಿ ಮೇಲೆ ಟಿಕೆಟ್ ಕೊಡೋನು. ನನಗೆ ಇಪ್ಪತ್ತೆರಡು ವರ್ಷ ಆಗ. ಮನೆಗೆ ಬಂದು ಹೆಣ್ಣು ಕೇಳ್ತೀನಿ ಅಂದಿದ್ದ. ಬರಲೇ ಇಲ್ಲ. ಬರ್ತಾನೆ ಅಂತ ನಾನು ಎಷ್ಟು ವರ್ಷ... ಇರಲಿ. ಅಣ್ಣ ಹೇಳ್ದ: 'ಅವನು ಬಂದಿದ್ದ ಕಣೇ. ಬಾಗಿಲಿಗೇ ಬಂದಿದ್ದ. ಎರ್ಮೀನಿಯಾಗೆ ಬೇರೆ ಕಡೆ ಮದುವೆ ಗೊತ್ತಾಗಿದೆ, ಅವಳೇ ಒಪ್ಪಿದಾಳೆ ಅಂತ ಸುಳ್ಳು ಹೇಳಿ ಕಳಿಸ್ದೆ. ಅಪ್ಪ ಸತ್ತಿದ್ರು, ಅಮ್ಮನ್ನ ನೋಡ್ಕೊಳ್ಳೋರು ಬೇಕಿತ್ತು. ಅಷ್ಟೇ ಕಾರಣ.'

ನಾನು ತುಳೀತಾ ಇದ್ದೆ. ಏನು ಮಾಡಬೇಕಿತ್ತು ಹೇಳಿ? ಇಳಿದು ಕೂಗಾಡಬೇಕಿತ್ತಾ? ಹ್ಯಾಂಡಲ್ ಒದ್ದೆ ಆಯ್ತು, ಎದುರಿನ ದಾರಿ ಕಾಣಲಿಲ್ಲ, ಹಾಗೇ ಮನೆವರೆಗೆ ತುಳಿದೆ. ಆ ಸೈಕಲ್ ಮೇಲೆ ಆಗ ಕಣ್ಣು ಕಾಣೋರು ಒಬ್ಬರೂ ಇರಲಿಲ್ಲ.

ಆ ರಾತ್ರಿನೇ ನನಗೆ ಜ್ವರ ಬಂತು. ಮಾರನೇ ದಿನ ಎದ್ದೇಳೋಕಾಗಲಿಲ್ಲ. ಬೆಳಗ್ಗೆ ಹಾಸಿಗೇಲಿದ್ದಾಗ ಕೊಟ್ಟಿಗೆ ಬಾಗಿಲ ಶಬ್ದ ಕೇಳಿಸ್ತು, ಬೆಲ್ ಕೇಳಿಸ್ತು, ಜಲ್ಲಿ ಮೇಲೆ ಚಕ್ರ ಉರುಳೋದು ಕೇಳಿಸ್ತು. ಕಿರುಚಿದೆ. ಎದ್ದೆ, ಬಿದ್ದೆ. ಕುರುಡ ಮುದುಕ, ಎಪ್ಪತ್ತೊಂದು ವರ್ಷ, ಒಂದು ಪಕ್ಕ ನೀರು... ಸಂಜೆ ಐದರವರೆಗೂ ನಾನು ಅವನ ಹೆಣಕ್ಕೆ ಕಾದೆ ಮಕ್ಕಳೇ.

ಐದಕ್ಕೆ ಬಂದ. ಮೂಗು ಬಿಸಿಲಿಗೆ ಕೆಂಪಗಾಗಿತ್ತು. ಪಾಸಿಗ್ನಾನೊದ ಬೇಕರಿ ಬಿಸ್ಕತ್ತಿನ ಪೊಟ್ಟಣ ನನ್ನ ಹಾಸಿಗೆ ಮೇಲಿಟ್ಟ. ಆಮೇಲೆ ನಾನು ಆ ಬೇಕರಿಗೆ ಹೋಗಿ ವಿಚಾರಿಸ್ದೆ. ಆ ಹೆಂಗಸು ಅಂದ್ಲು: 'ಒಬ್ಬರೇ ಒಳಗೆ ಬಂದ್ರು. ಹೊರಗೆ ಹೋಗಿ ಒಂದು ಬಿಸ್ಕತ್ತು ಹೀಗೆ ಸೈಕಲ್ಲಿನ ಮುಂದಿನ ಸೀಟ್ ಕಡೆ ಚಾಚಿ ಹಿಡಿದ್ರು. ನಾನು ಚಿಲ್ಲರೆ ಎಣಿಸಿ ತಲೆ ಎತ್ತೋ ಹೊತ್ತಿಗೆ ಕೈ ಖಾಲಿ ಇತ್ತು.'

ಅಣ್ಣ ನನ್ನ ಕಾಲ ಹತ್ರ ಕೂತು ಹೇಳ್ದ: 'ಇವತ್ತು ಪೂರ್ತಿ ಸುತ್ತು ಹಾಕಿದ್ವಿ ಎರ್ಮೀನಿಯಾ. ದಾರಿಯುದ್ದಕ್ಕೂ ಮಾತಾಡಿದ್ಲು.' ಯಾರು ಅಂತ ನಾನು ಕೇಳಲಿಲ್ಲ. ಅವನೇ ಅಂದ: 'ಇವತ್ತು ನೀನಲ್ಲ ಅಂತ ನನಗೆ ಗೊತ್ತು. ಇಷ್ಟು ದಿನ ನೀನೇ ಅಂತಲೂ ಗೊತ್ತಿತ್ತು. ನಿನ್ನ ಮಂಡಿ ಕಟಕಟ ಅನ್ನುತ್ತೆ.'

ಅರ್ಥ ಆಯ್ತಾ ನಿಮಗೆ? ಮೊದಲನೇ ದಿನದಿಂದ ಗೊತ್ತಿತ್ತು ಅವನಿಗೆ. ಒರೇಸ್ತೆ ವಿಷಯ ಹೇಳಿದ್ದು ಪಾಲ್ಮೀರಾಗಲ್ಲ, ನನಗೇ. ಮುಖ ಕೊಟ್ಟು ಹೇಳೋ ಧೈರ್ಯ ಇಲ್ಲದೆ ಸತ್ತ ಹೆಂಡತಿ ಹೆಸರಲ್ಲಿ ನನ್ನ ಬೆನ್ನಿಗೆ ಹೇಳ್ದ.

ಜ್ವರ ಬಿಟ್ಟ ದಿನ ನಾನು ಕೊಟ್ಟಿಗೆಗೆ ಸರಪಳಿ ಹಾಕಿ ಬೀಗ ಜಡಿದೆ. ಊರಿಗೆಲ್ಲ ಏನಂದೆ? ಅಣ್ಣ ನೀರಿಗೆ ಬಿದ್ದಾನು ಅಂತ ಭಯ ಅಂದೆ. ಪಾದ್ರಿಗೂ ಅದನ್ನೇ ಹೇಳ್ದೆ. ಸುಳ್ಳು... ಭಯ ಇತ್ತು, ಇಲ್ಲ ಅನ್ನಲ್ಲ, ಆದ್ರೆ ಬೀಗ ಹಾಕಿದ್ದು ಭಯದ ಕೈಯಲ್ಲ. ನನ್ನ ಗಂಡಸನ್ನ ಬಾಗಿಲಿಂದ ಕಳಿಸಿದೋನು ಇವನು, ಇವನ ಹೆಂಗಸು ಮಾತ್ರ ಮಣ್ಣಿಂದ ಎದ್ದು ಬಂದು ಇವನನ್ನ ಕರ್ಕೊಂಡು ಹೋಗ್ಬೇಕಾ? ನನ್ನ ಮುಖಕ್ಕೆ ಕ್ಷಮಿಸು ಅನ್ನಲಿ, ತೆಗೀತೀನಿ ಅಂತಿದ್ದೆ. ಬಾಯಿಬಿಟ್ಟು ಹೇಳಲಿಲ್ಲ, ಮನಸ್ಸಲ್ಲೇ ಅಂತಿದ್ದೆ.

ಅವನು ಜಗಳ ಆಡಲಿಲ್ಲ. ಬೆಳಗ್ಗೆ ಕುರ್ಚಿ ತಗೊಂಡು ಹೋಗಿ ಕೊಟ್ಟಿಗೆ ಬಾಗಿಲ ಪಕ್ಕ ಕೂರೋನು, ಕತ್ತಲಾದ್ಮೇಲೆ ಒಳಗೆ ಬರೋನು. ಕಿವಿ ಬಾಗಿಲಿಗೆ ಕೊಟ್ಟಿರ್ತಿದ್ದ. ಒಳಗಿಂದ ಆಗಾಗ ಬೆಲ್ ಆಗ್ತಿತ್ತು... ಇಲಿ ಅಂದ್ಕೊಂಡೆ. ಇಲಿನೇ ಅಂತ ನನಗೆ ನಾನೇ ಹೇಳ್ಕೊಂಡೆ. ಹತ್ತೊಂಬತ್ತು ದಿನ. ಇಪ್ಪತ್ತನೇ ದಿನ ಊಟಕ್ಕೆ ಕರೆಯೋಕೆ ಹೋದ್ರೆ ತಲೆ ಬಾಗಿಲಿಗೆ ಒರಗಿದೆ, ಮೈ ಇನ್ನೂ ಬೆಚ್ಚಗಿದೆ, ಅಣ್ಣ ಇಲ್ಲ. ಬೀಗದ ಕೈ ನನ್ನ ಲಂಗದ ಜೇಬಲ್ಲೇ ಇತ್ತು.

ಮಣ್ಣು ಮಾಡಿ ಬಂದು ಬೀಗ ತೆಗೆದೆ. ಸರಪಳಿ ಹಾಗೇ ಇತ್ತು, ಕಿಟಕಿ ಒಂದು ಗೇಣು ಅಗಲ, ಬೆಕ್ಕು ತೂರೋದೇ ಕಷ್ಟ. ಒಳಗೆ ಸೈಕಲ್ ಇರಲಿಲ್ಲ."

ಒಲೆಯ ಕೊರಡು ಕುಸಿದು ಕಿಡಿ ಹಾರಿತು. ನೀವೆಸ್‌ಗೆ ಅಜ್ಜಿಯ ಕೈ ಹಿಡಿಯಬೇಕೆನಿಸಿತು. ಹಿಡಿದರೆ ಅವಳು ಮಾತು ನಿಲ್ಲಿಸಿಯಾಳು ಎಂದು ಹಿಡಿಯಲಿಲ್ಲ.

"ಕದ್ದಿರಬಹುದು ಅಜ್ಜಿ, ಯಾರಾದ್ರೂ," ಎಂದಳು, ಮೆಲ್ಲಗೆ.

"ಕದ್ದಿದ್ರೆ ಚೆನ್ನಾಗಿತ್ತು ಮಗಳೇ. ಅದು ಬರುತ್ತೆ. ಬೆಳಿಗ್ಗೆ ಬರುತ್ತೆ, ಮಧ್ಯಾಹ್ನ ಬರುತ್ತೆ, ಮಳೆ ನಿಂತ ತಕ್ಷಣ ಖಂಡಿತ ಬರುತ್ತೆ, ಅತ್ತಿಗೆಗೆ ತೊಳೆದ ಹಾಗಿರೋ ಕೆರೆ ಅಂದ್ರೆ ಇಷ್ಟ. ಕಣ್ಣಿಗೇನೂ ಕಾಣಲ್ಲ. ಜಲ್ಲಿ ಸರಸರ ಅನ್ನುತ್ತೆ, ದೂರದಿಂದ್ಲೇ ಅತ್ತಿಗೆ ಮಾತು ಕೇಳಿಸುತ್ತೆ, ಅಣ್ಣನ ನಗು ಕೇಳಿಸುತ್ತೆ. ಹತ್ತೊಂಬತ್ತು ವರ್ಷದಿಂದ ನಾನು ಆ ತಿರುವಲ್ಲಿ ಹೋಗಿ ನಿಲ್ತೀನಿ. ತಪ್ಪಾಯ್ತು ಅಣ್ಣ ಅಂತ ಗಟ್ಟಿಯಾಗಿ ಹೇಳ್ತೀನಿ. ಅವನು ಹೇಳ್ಲಿ ಅಂತ ಕಾದೆ, ಈಗ ನಾನೇ ಹೇಳ್ತೀನಿ. ನನ್ನ ಹತ್ರ ಬರ್ತಿದ್ದಂಗೇ... ಮಾತು ನಿಂತುಹೋಗುತ್ತೆ. ಚಕ್ರದ ಸದ್ದೊಂದೇ ನನ್ನ ದಾಟ್ಕೊಂಡು ಹೋಗುತ್ತೆ, ಗಾಳಿ ಲಂಗಕ್ಕೆ ತಾಕುತ್ತೆ. ಆಚೆ ಹೋದ್ಮೇಲೆ ಮತ್ತೆ ಶುರು. ನಿನ್ನೆ ಸಂಜೆನೂ ಹಾಗೇ ಆಯ್ತು."

ಹೊರಗೆ ಮಳೆಯ ಸದ್ದು ಕಡಿಮೆಯಾಗುತ್ತಿತ್ತು. ಮೋಡದ ಕೆಳಗಿನಿಂದ ದ್ವೀಪ ಮೆಲ್ಲಗೆ ಮೇಲೆದ್ದು ಬರುತ್ತಿತ್ತು. ಅಜ್ಜಿ ಎದ್ದು ಒಲೆಯ ಮುಂದಿನ ಬೂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನೀವೆಸ್‌ಳ ಜೋಡಿಯನ್ನು ತಂದು ಅವಳ ಪಾದದ ಹತ್ತಿರ ಇಟ್ಟಳು.

"ಬೇರೆಯೋರಿಗೆ ಮಾತು ನಿಲ್ಲಿಸಲ್ಲ ಅವರು. ಹೋದ ವರ್ಷ ಬೊಲೋನ್ಯಾದ ಹುಡುಗಿ ಒಬ್ಬಳು ಕೇಳಿಸ್ಕೊಂಡು ಬಂದ್ಲು, ಯಾರೋ ಗಂಡ ಹೆಂಡತಿ ಹಿಂದೆ ಬರ್ತಿದ್ರು ಅಜ್ಜಿ, ಹಾದಿ ಬಿಟ್ಟೆ, ಯಾರೂ ದಾಟಲೇ ಇಲ್ಲ ಅಂದ್ಲು. ಏನು ಮಾತಾಡ್ತಿದ್ರೇ ಅಂದ್ರೆ ನೆನಪಿಲ್ಲ ಅಂದ್ಬಿಟ್ಲು. ಅದಕ್ಕೇ ನಿಮ್ಮನ್ನ ಒಳಗೆ ಕರೆದು ಇಷ್ಟು ಹೊತ್ತು ಕೂರಿಸ್ಕೊಂಡಿದ್ದು. ಈಗ ಹೊರಡಿ, ಅವರು ಬರೋ ಹೊತ್ತು. ಹೆದರಬೇಡಿ, ಹಾದಿ ಬಿಡಿ, ತಿರುಗಿ ನೋಡಬೇಡಿ. ಕಿವಿಗೊಟ್ಟು ಕೇಳಿ. ಅಣ್ಣನ ಬಾಯಲ್ಲಿ ನನ್ನ ಹೆಸರೇನಾದ್ರೂ ಬಂದ್ರೆ... ಬೈದ್ರೂ ಪರವಾಗಿಲ್ಲ ಮಗಳೇ, ಬೈದಿದ್ದನ್ನೇ ನೆನಪಿಟ್ಕೊಂಡು ವಾಪಸ್ ಬಂದು ನನಗೆ ಹೇಳು."