ಚಿಕ್ಕ ತೋಳಿನಲ್ಲೊಂದು ತೊಟ್ಟಿಲು

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಎಲ್ಲಿ ಹೋದರೂ ಅವನಿಗೆ ನಟ್ಟನಡುವೆಯೇ ಜಾಗ ಬೇಕು. ಮದುವೆ ಫೋಟೊದಲ್ಲೂ ಗಂಡು ಹೆಣ್ಣಿನ ಮಧ್ಯೆ ನಿಲ್ಲುವ ಆಸಾಮಿ. ನಗಬೇಡಿ, ನಮ್ಮಲ್ಲೂ ಇದ್ದಾರೆ.

ಹತ್ತು ವರ್ಷ ಕಾದ ಮೇಲೆ ಅವನಿಗೊಬ್ಬಳು ಮೊಮ್ಮಗಳು ಹುಟ್ಟಿದಳು. ನಾಮಕರಣದ ದಿನ ತೊಟ್ಟಿಲ ಕೆಳಗೆ ರಂಗೋಲಿ ಹಾಕುತ್ತೇವಲ್ಲ? ಇವನಿಗೆ ಬರೀ ರಂಗೋಲಿ ಸಾಲದು, ಇಡೀ ಆಕಾಶಗಂಗೆಯೇ ಬೇಕು. ಊರ ಶಾಲೆಯ ಟೀಚರಮ್ಮನನ್ನು ಕರೆಸಿದ. ಆಕೆ ಬೆಳಗಿನಿಂದ ಬಗ್ಗಿ ಬಿಡಿಸಿದಳು. ನಡುವೆ ಪೂರಿಯಂತೆ ಉಬ್ಬಿದ ಅರಿಶಿನದ ರಾಶಿ, ಅವು ಮುದಿ ನಕ್ಷತ್ರಗಳು. ಅಲ್ಲಿಂದ ಸುತ್ತಿ ಸುತ್ತಿ ಹೊರಟ ನೀಲಿ ತೋಳುಗಳು, ಅಲ್ಲಿ ಎಳೆಯ ನಕ್ಷತ್ರಗಳು. ತೋಳಿನುದ್ದಕ್ಕೂ ಇದ್ದಿಲ ಪುಡಿಯ ಗೆರೆ. ನೋಡಿ, ಅದನ್ನು ಕಸ ಅಂದುಕೊಳ್ಳಬೇಡಿ, ಹೊಸ ನಕ್ಷತ್ರ ಹುಟ್ಟುವುದು ಆ ಧೂಳಿನಲ್ಲೇ. ನಕ್ಷತ್ರಗಳು ಒತ್ತಾಗಿರುವ ನಡುಭಾಗದಲ್ಲಿ ನೂರು ಹಣತೆ ಹಚ್ಚಿದಳು, ತೋಳುಗಳಲ್ಲಿ ಅಲ್ಲೊಂದು ಇಲ್ಲೊಂದು.

"ತೊಟ್ಟಿಲು ನಡುವೆ ಇಡಿ. ನನ್ನ ಮೊಮ್ಮಗಳು ಮೂಲೇಲಿ ಮಲಗ್ತಾಳಾ?" ಎಂದ ಶ್ರೀಮಂತ.

ಹಣತೆ ಸರಿಸಿ ಇಟ್ಟರು. ಸುತ್ತ ನೂರು ದೀಪದ ಕಾವು. ಮಗು ಬೆವರಿತು, ಕೆಂಪಾಯಿತು, ಅತ್ತು ಅತ್ತು ದನಿ ಬತ್ತಿತು. ತಾಯಿ ಕೈ ಹಿಸುಕಿಕೊಂಡು ನಿಂತಳು, ಮಾವನಿಗೆ ಎದುರಾಡುವಂತಿಲ್ಲ.

ಟೀಚರಮ್ಮ ಬಾಯಿಬಿಟ್ಟಳು. "ಯಜಮಾನ್ರೇ, ನಮ್ಮ ಸೂರ್ಯ ಇರೋದು ಅಲ್ಲಿ ಅಲ್ಲ. ಇಲ್ಲಿ, ನಡುವಿಗೂ ಅಂಚಿಗೂ ಅರ್ಧ ದಾರೀಲಿ, ಈ ಚಿಕ್ಕ ತೋಳಲ್ಲಿ. ನಡುವೆ ನೂಕುನುಗ್ಗಲು, ಸುಡೋ ಕಿರಣ, ಒಳಗೊಂದು ದೊಡ್ಡ ಕಪ್ಪುಕುಳಿ. ಇಲ್ಲಿ ಗದ್ದಲ ಕಡಿಮೆ ಅಂತ ತಾನೇ ನಾವು ಬದುಕಿರೋದು?"

ಶ್ರೀಮಂತ ಮೊಮ್ಮಗಳ ಮುಖ ನೋಡಿದ. ತಾನೇ ತೊಟ್ಟಿಲೆತ್ತಿ ಆ ಚಿಕ್ಕ ತೋಳಿನ ಮೇಲಿಟ್ಟ. ಕಿಟಕಿಯ ಗಾಳಿ ಬಂತು. ಮಗು ನಿದ್ದೆ ಹೋಯಿತು. ಅವನು ಎಲ್ಲರೆದುರೇ ಅತ್ತುಬಿಟ್ಟ.

"ದೇವರೇ, ಇಷ್ಟು ದೊಡ್ಡ ಸುರುಳೀಲಿ ನಮಗೆ ಸರಿಯಾದ ಜಾಗಾನೇ ಕೊಟ್ಟಿದ್ದೀಯ. ನಾನೇ ಬೇಡ ಅಂತಿದ್ದೆ."

ಈಗ ನಿಮ್ಮ ವಿಷಯಕ್ಕೆ ಬರೋಣ. ಬೆಳಿಗ್ಗೆ ಆರಕ್ಕೇ ಬಂದು ಈ ಪ್ರವಚನದ ಮುಂದಿನ ಸಾಲಿಗೆ ಟವೆಲ್ ಹಾಸಿ ಹೋದವರು ಯಾರು? ಊಟಕ್ಕೆ ಮೊದಲ ಪಂಕ್ತಿ ಸಿಗಲಿಲ್ಲವೆಂದು ಮುಖ ಊದಿಸಿಕೊಂಡು ಮನೆಗೆ ಹೋದವರು ಯಾರು? ಸಿಕ್ಕ ಜಾಗದಲ್ಲಿ ತಣ್ಣಗೆ ಉಸಿರಾಡುತ್ತಿದ್ದೀರಲ್ಲ, ಅದಕ್ಕೆ ಒಂದು ದಿನವಾದರೂ ಕೈಮುಗಿದಿದ್ದೀರಾ? ಇಂದು ಎಲೆ ಎಲ್ಲಿ ಸಿಕ್ಕಿತೋ ಅಲ್ಲಿ ಕೂತು ಉಣ್ಣಿ. ಬಡಿಸಿದವರ ಮುಖ ನೋಡಿ ಒಂದು ಒಳ್ಳೆಯ ಮಾತಾಡಿ. ನಾಳೆ ಮನೆಯಲ್ಲೂ ಹಾಗೆಯೇ ಮಾಡಿ.

ಮೊದಲು ಆ ಟವೆಲುಗಳನ್ನು ತೆಗೆಯಿರಿ. ಕಿವಿ ಮಂದವಾದ ಹಿರಿಯರು ಹಿಂದೆ ಬಾಗಿಲಲ್ಲಿ ನಿಂತಿದ್ದಾರೆ. ಅವರು ಬಂದು ಕೂರುವವರೆಗೆ ನಾನು ಕಾಯುತ್ತೇನೆ.