ಎದುರಂಗಡಿಯ ಕೆಂಪು ಬೈಕು

ತಲೆ ಅಲ್ಲಾಡಿಸ್ಬೇಡಿ ಮೇಸ್ತ್ರಿ! ಕತ್ತಿ ಗಂಟಲ ಮೇಲಿದೆ... ನಿಮಗೆ ಬೇಡ ಅನ್ನೋ ಆತುರ, ನನಗೆ ನಿಮ್ಮ ಗಂಟಲು ಉಳಿಸೋ ಆತುರ. ಗೊತ್ತಾಯ್ತು, ಗೊತ್ತಾಯ್ತು. ಬಂದು ಕೂತಾಗಿಂದ ಅದೇ ರಾಗ. ಹೊಸದಾಗಿ ಕಲಿಯೋ ಹುಡುಗನಿಗೆ ಆ ಕೆಂಪು ಬೈಕು ಆಗಲ್ಲ, ಆಗಲ್ಲ, ಆಗಲ್ಲ! ಅಲ್ಲಾ, ನಿಮ್ಮ ಗ್ಯಾರೇಜು, ನಿಮ್ಮ ಮಾಲು. ಮಾರೋಕೆ ಅಂತ ನೀವೇ ತೊಳೆದು ಒರೆಸಿ ಬಾಗಿಲಲ್ಲಿ ನಿಲ್ಲಿಸಿದೀರಿ. ನನ್ನ ಮಗನಿಗೆ ತಗೋತೀನಿ ಅಂದ್ರೆ ನೀವೇ ಬೇಡ ಅಂತೀರಿ. ಇಂಥ ವ್ಯಾಪಾರೀನ ನಾನು ಹುಟ್ಟಿದ್ಮೇಲೆ ನೋಡಿಲ್ಲಪ್ಪ!

ಗದ್ದ ಸ್ವಲ್ಪ ಮೇಲೆ... ಹಾಂ, ಹಾಗೆ. ಉಸಿರಾಡಿ. ಉಸಿರಾಡಬೇಡಿ ಅಂತ ನಾನೇನೂ ಹೇಳಿಲ್ಲ.

ಈಗ ನಾನು ಮಾತಾಡ್ತೀನಿ, ನೀವು ಕೇಳಿ. ನೊರೆ ಹಚ್ಚಿದ ಮೇಲೆ ಗಿರಾಕಿ ಬಾಯಿ ಬಿಡಬಾರದು, ಅದು ಕ್ಷೌರದಂಗಡಿ ಕಾನೂನು. ಅದಕ್ಕೇ ನಾನು ಈ ಕೆಲಸ ಬಿಟ್ಟಿಲ್ಲ ಅಂತ ಇಟ್ಕೊಳ್ಳಿ. ಎದುರುತ್ತರ ಕೊಡದೆ ನನ್ನ ಮಾತು ಕೇಳಿದವರು ಅಂದ್ರೆ ಈ ಕುರ್ಚಿಲಿ ಕೂತವರೇ... ನಗಬೇಡಿ, ಕೆನ್ನೆ ಅಲ್ಲಾಡುತ್ತೆ!

ಮೊದಲು ಏನಂದ್ರಿ? ಅದರ ಹ್ಯಾಂಡಲ್ಲು ತಗ್ಗು, ಸೀಟು ಎತ್ತರ, ಟ್ಯಾಂಕಿನ ಮೇಲೆ ಬೋರಲು ಬಿದ್ದ ಹಾಗೆ ಬಗ್ಗಿ ಓಡಿಸ್ಬೇಕು, ಭಾರ ಎಲ್ಲ ಮುಂಗೈ ಮೇಲೆ ಬೀಳುತ್ತೆ ಅಂದ್ರಿ. ಬೀಳಲಿ! ನಾನು ಬೆಳಗಿಂದ ಸಂಜೆ ತನಕ ಬಗ್ಗೇ ನಿಂತಿರ್ತೀನಿ, ನನ್ನ ಸೊಂಟ ಬಿದ್ದು ಹೋಯ್ತಾ? ...ಸರಿ, ಬಿದ್ದು ಹೋಗಿದೆ, ಅದು ಬೇರೆ ವಿಷಯ. ಅವನು ಹತ್ತೊಂಬತ್ತರ ಹುಡುಗ. ಆ ವಯಸ್ಸಲ್ಲಿ ಸೊಂಟ ಅಂತ ಒಂದಿದೆ ಅನ್ನೋದೇ ಗೊತ್ತಿರಲ್ಲ.

ಆಮೇಲೆ ಏನಂದ್ರಿ? ಆಕ್ಸಿಲರೇಟರ್ ಹೀಗೆ ಮುಟ್ಟಿದ್ರೆ ಸಾಕು, ಗಾಡಿ ಜಿಗಿಯುತ್ತೆ. ಗಾಬರೀಲಿ ಮುಂದಿನ ಬ್ರೇಕು ಹಿಡಿದ್ರೆ ಚಕ್ರ ಕಚ್ಚಿಕೊಂಡು ಆಳನ್ನೇ ಎತ್ತಿ ಬಿಸಾಕುತ್ತೆ. ಹೊಸಬ ತಪ್ಪು ಮಾಡೇ ಮಾಡ್ತಾನೆ, ಸಣ್ಣ ಗಾಡಿ ಅವನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳುತ್ತೆ, ಇದು ಹಾಕ್ಕೊಳ್ಳಲ್ಲ... ಅಂದ್ರಿ ತಾನೆ? ಆ ಮಾತು ಮಾತ್ರ ಚೆನ್ನಾಗಿತ್ತು. ಹೊಟ್ಟೆಗೆ ಹಾಕ್ಕೊಳ್ಳೋ ಗಾಡಿ! ಮನುಷ್ಯರೇ ಹಾಕ್ಕೊಳ್ಳಲ್ಲ ಮೇಸ್ತ್ರಿ, ಗಾಡಿ ಹಾಕ್ಕೊಳ್ಳುತ್ತಾ...

ಇರಿ, ಮೂಗಿನ ಕೆಳಗೆ ಬಂದಿದೀನಿ. ಅಲ್ಲಾಡಬೇಡಿ.

ಹೂಂ... ಸೆಕೆಂಡ್ ಹ್ಯಾಂಡ್ ಅನ್ನೋದೂ ಗೊತ್ತು. ಎಡಗಡೆ ಫೈಬರ್ ಹೊದಿಕೆ ಹೊಸದು ಹಾಕಿಸಿದೀರಿ, ಅದರ ಕೆಂಪು ಒಂದು ಚೂರು ಗಾಢ. ಬಾಗಿಲಲ್ಲಿ ನಿಲ್ಲಿಸಿದ ದಿನವೇ ನನ್ನ ಕಣ್ಣಿಗೆ ಬಿತ್ತು. ಬೋಳು ಮುಚ್ಚೋಕೆ ಪಕ್ಕದ ಕೂದಲು ಎಳೆದು ಬಾಚೋರನ್ನ ದಿನಾ ನೋಡ್ತೀನಿ, ನನಗೆ ಗೊತ್ತಾಗಲ್ವಾ? ಮೊದಲಿನವನು ಬಿದ್ದು, ಹೆದರಿ ಮಾರಿದ ಅಂತ ನೀವೂ ಒಪ್ಪಿಕೊಂಡ್ರಿ. ಮುಂದಿನ ಚಕ್ರ ಹಿಡಿಯೋ ಫೋರ್ಕು ನೇರ ಮಾಡಿಸಿದೀನಿ, ಆದ್ರೂ ಜೋರಾಗಿ ಹೋದ್ರೆ ಹ್ಯಾಂಡಲ್ಲು ನಡುಗುತ್ತೆ ಅಂದ್ರಿ. ಮಾರೋನು ಇಷ್ಟೆಲ್ಲ ನಿಜ ಹೇಳಿದ್ರೆ ಒಲೆ ಉರಿಯುತ್ತಾ ಮನೇಲಿ?

ಮತ್ತೆ ಬಲೂನಿನ ಮಾತು! ನನ್ನ ಮಾತನ್ನೇ ತಗೊಂಡು ನನ್ನ ಮುಖಕ್ಕೆ ಎಸೆದ್ರಲ್ಲ! ಹೋದ ಸಲ ನಾನೇ ಹೇಳಿದ್ದು, ಹೌದು. ಕೆಲಸ ಕಲಿಯೋಕೆ ಬಂದವನ ಕೈಗೆ ಮೊದಲೇ ಮುಖ ಕೊಡಲ್ಲ. ಬಲೂನ್ ಊದಿ, ನೊರೆ ಹಚ್ಚಿ, ಒಡೆಯದ ಹಾಗೆ ಕತ್ತಿ ಆಡಿಸೋ ಅಂತೀವಿ. ನನ್ನ ಕಾಲದಲ್ಲಿ ನಾನು ಎಷ್ಟು ಬಲೂನ್ ಒಡೆದೆ, ನಮ್ಮ ಮಾವ ನನಗೆ ಎಷ್ಟು ಸಲ ಬಾರಿಸಿದ, ಎಲ್ಲ ಹೇಳಿ ನಗಿಸಿದ್ದೆ. ಈಗ ನೀವು, 'ನಿಮ್ಮ ಮಗನಿಗೂ ಮೊದಲು ಬಲೂನ್ ಕೊಡಿ, ಮುಖ ಆಮೇಲೆ' ಅಂತೀರಿ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ಸುಮ್ನೆ ಹೇಳ್ತಾರಾ?

ಬಲೂನ್ ಅಂದ್ರೆ ಯಾವುದು? ಮೂಲೇಲಿ ನಿಲ್ಲಿಸಿದೀರಲ್ಲ, ಆ ಬೂದು ಬಣ್ಣದ ಸಣ್ಣ ಗಾಡಿ. ಹಾಲಿನವರು ಕ್ಯಾನ್ ಕಟ್ಟೋ ಗಾಡಿ! ಗಟ್ಟಿ ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ಅದನ್ನ ತೋರಿಸಿ ಯಾರನ್ನಾದ್ರೂ ಕರೆಯೋಕಾಗುತ್ತಾ? ...ಕರೆಯೋದಲ್ಲ. ಕೊಡೋಕಾಗುತ್ತಾ ಅಂತ. ಕೊಡೋದು ಅಂತ ಹೇಳೋಕೆ ಹೊರಟೆ, ಬಾಯಿ ತಪ್ಪಿತು.

ಈ ಕಡೆ ತಿರುಗಿ. ಇನ್ನೊಂದು ಕೆನ್ನೆ.

ಅವನೇ ಕೇಳಿದ್ದು ಮೇಸ್ತ್ರಿ. ನನಗೇನು ತಲೆ ಕೆಟ್ಟಿಲ್ಲ. ಹೋದ ಸಲ ಬಂದಾಗ ನೀವು ಕೂತಿರೋ ಈ ಕುರ್ಚೀಲೇ ಕೂತಿದ್ದ. ಅವನ ಕೂದಲು ನಾನೇ ಕತ್ತರಿಸೋದು, ಬೇರೆಯವರ ಕೈಗೆ ತಲೆ ಕೊಡಲ್ಲ ಅವನು. 'ಅಪ್ಪಾ, ನಿನ್ನ ಕೈ ಬಿದ್ರೆ ನಿದ್ದೆ ಬರುತ್ತೆ' ಅಂತಾನೆ. ಹಾಗೇ ತೂಕಡಿಸ್ತಿದ್ದೋನು ಕನ್ನಡೀಲಿ ನಿಮ್ಮ ಗ್ಯಾರೇಜ್ ನೋಡಿದ. 'ಅಪ್ಪಾ, ಆ ಕೆಂಪು ಬೈಕು...' ಅಂದ. ಅಷ್ಟೇ ಅಂದ. ಪೂರ್ತಿ ಕೇಳೋಕೆ ಸಂಕೋಚ ಪಾಪ. ಮಗ ಅರ್ಧ ಮಾತಾಡಿದ್ರೆ ಇನ್ನರ್ಧ ಅಪ್ಪನಿಗೆ ಅರ್ಥ ಆಗಬೇಡ್ವಾ?

...ಯಾಕೆ ಕನ್ನಡೀಲಿ ಹಾಗೆ ನೋಡ್ತೀರಾ? ಕಣ್ಣಿಗೆ ನೊರೆ ಹೋಯ್ತಾ?

ನೀವಿರಲಿಲ್ಲ ಅವತ್ತು. ಅದ್ಯಾವುದೋ ಪಾರ್ಟು ತರೋಕೆ ಹೋಗಿದ್ರಿ. ಅವನು ಬಂದಾಗೆಲ್ಲ ನೀವು ಎಲ್ಲಿಗೋ ಹೋಗಿರ್ತೀರಿ, ನಾನೇನು ಮಾಡ್ಲಿ? ಬಂದಷ್ಟೇ ಬೇಗ ಹೋಗ್ತಾನೆ. ಅವನಮ್ಮನ ಜೊತೆ ಇರೋದಲ್ವಾ, ದೂರದ ಊರು, ಬಸ್ಸು ಹಿಡೀಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಮ್ಮದು ಉಂಡ್ರೂ ಮುಗೀಲಿಲ್ಲ, ಮಲಗಿದ್ರೂ ಮುಗೀಲಿಲ್ಲ. ಅವಳು ಕೆಟ್ಟವಳಲ್ಲ ಮೇಸ್ತ್ರಿ. ನಾನೂ ಕೆಟ್ಟವನಲ್ಲ. ಇಬ್ಬರು ಒಳ್ಳೆಯವರು ಸೇರ್ಕೊಂಡು ಒಂದು ಸಂಸಾರ ಕೆಡಿಸಿದ್ವಿ, ನೋಡಿ.

ಕಲಿಸೋದು ನಾನೇ ಕಲಿಸ್ತೀನಿ ಬಿಡಿ. ನನಗೆ ಬೈಕ್ ಬರಲ್ಲ, ನಿಜ! ಆದ್ರೆ ಸೈಕಲ್ ಕಲಿಸಿದ್ದು ಯಾರು? ನಿಮ್ಮ ಗ್ಯಾರೇಜಿನಿಂದ ಆ ಲೈಟ್ ಕಂಬದ ತನಕ, ಸೀಟು ಹಿಡ್ಕೊಂಡು ಹಿಂದೇನೇ ಓಡಿದ್ದೆ. 'ಬಿಡಬೇಡ ಅಪ್ಪಾ, ಬಿಡಬೇಡ ಅಪ್ಪಾ' ಅಂತಿದ್ದ. ನಾನು ಯಾವಾಗಲೋ ಬಿಟ್ಟಿದ್ದೆ. ಅವನು ಇನ್ನೂ ಬಿಡಬೇಡ, ಬಿಡಬೇಡ ಅಂತ ಕೂಗ್ಕೊಂಡೇ ಹೋಗ್ತಿದ್ದ... ಹ್ಹಹ್ಹ! ಇದನ್ನೂ ಹಾಗೇ. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುತ್ತೆ. ನಾನು ಇಲ್ಲಿ ಮೆಟ್ಟಿಲ ಮೇಲೆ ನಿಂತಿರ್ತೀನಿ, ಅವನು ನಿಧಾನಕ್ಕೆ ಹೋಗಿ, ತಿರುಗಿಸ್ಕೊಂಡು ಬರಲಿ. ಅಷ್ಟೇ. ಹೋಗಿ ಬರೋದು. ಅದಕ್ಕೆ ಜೋರು ಯಾಕೆ ಬೇಕು?

ನಿಮಗೆ ಮನೆ ತುಂಬ ಜನ, ನಿಮಗೆ ಇದು ಅರ್ಥ ಆಗಲ್ಲ. ಸಂಜೆ ಅಂಗಡಿ ಗುಡಿಸಿದ್ರೆ ಇಷ್ಟು ದೊಡ್ಡ ರಾಶಿ ಕೂದಲು. ಕರಿ, ಬಿಳಿ, ಬಣ್ಣ ಹಚ್ಚಿದ್ದು, ಎಲ್ಲ ಸೇರಿ. ಅಷ್ಟು ಜನ ಬಂದು ಹೋದ್ರು ಅಂತ ಅದೊಂದೇ ಸಾಕ್ಷಿ. ಅದನ್ನೂ ಚೀಲಕ್ಕೆ ತುಂಬಿ, ಆಚೆ ಇಟ್ಟು, ಮೇಲೆ ಹೋಗಿ ರೂಮಿನ ಬಾಗಿಲು ತೆಗೀತೀನಲ್ಲ... ರೇಡಿಯೋ ಹಾಕಿಟ್ಟೇ ಬರ್ತೀನಿ ಬೆಳಿಗ್ಗೆ. ದಿನವಿಡೀ ಅದು ಖಾಲಿ ರೂಮಲ್ಲಿ ಒದರ್ತಿರುತ್ತೆ. ಬಾಗಿಲು ತೆಗೆದಾಗ ಒಳಗೆ ಯಾರೋ ಮಾತಾಡ್ತಿರಲಿ ಅಂತ. ಕರೆಂಟು ದಂಡ ಅಂತೀರಿ, ಅನ್ನಿ.

ಆಯ್ತು. ಶೇವಿಂಗ್ ಆಯ್ತು. ಟವಲು ಬಿಸಿ ಇದೆ... ಸುಡ್ತಾ? ಸ್ವಲ್ಪ ಸುಡಲಿ, ಮುಖ ಹೊಳೆಯುತ್ತೆ. ನೋಡ್ಕೊಳ್ಳಿ, ಮದುಮಗನ ಹಾಗಿದೀರಿ!

ಈಗ ಬಾಯಿ ಬಿಡಬಹುದು. ಹೂಂ ಅನ್ನಿ. ಬೆಲೆ ಮಾತು ಆಮೇಲೆ, ಮೊದಲು ಹೂಂ ಅನ್ನಿ. ...ಅನ್ನಲ್ಲ? ಹಠ? ಸರಿ, ತಾಳಿ. ನಿಮಗೊಂದು ತೋರಿಸ್ತೀನಿ. ಇವನೇನು ಜವಾಬ್ದಾರಿ ಇಲ್ಲದ ಅಪ್ಪ ಅಂತ ತಿಳ್ಕೊಂಡಿದೀರಲ್ಲ, ಈಗ ನೋಡಿ. ಎಲ್ಲಿಟ್ಟೆ... ಹಾಂ, ಇಲ್ಲಿ, ಟವಲುಗಳ ಹಿಂದೆ. ತೆಗೀರಿ ಚೀಲ. ನೀವೇ ತೆಗೀರಿ.

ಹೆಲ್ಮೆಟ್ಟು! ಹೇಗಿದೆ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತೀರಾ? ಅನ್ನಿ, ಅನ್ನಿ. ಬೈಕ್ ಬಂದ ದಿನ ಹೆಲ್ಮೆಟ್ ಇಲ್ಲ ಅಂತ ಆಗಬಾರದು ನನಗೆ. ಅಂಗಡಿಯವನು ಸೈಜ್ ಎಷ್ಟು ಅಂದ. ನಂಬರ್ ಗಿಂಬರ್ ನನಗೇನು ಗೊತ್ತು? ಕಣ್ಣು ಮುಚ್ಚಿದೆ. ಎರಡೂ ಕೈ ಹೀಗೆ ಹಿಡಿದೆ. ಇಲ್ಲಿ ಕಿವಿ, ಇಲ್ಲಿ ಹಣೆ, ಹಿಂದುಗಡೆ ಸುಳಿ. ಅವನಿಗೆ ಎರಡು ಸುಳಿ, ಗೊತ್ತಾ? ಎರಡು ಸುಳಿ ಇದ್ದೋನಿಗೆ ಎರಡು ಮದುವೆ ಅಂತಾರೆ. ಅವರಪ್ಪನಿಗೆ ಒಂದನ್ನೇ ನಿಭಾಯಿಸೋಕೆ ಆಗ್ಲಿಲ್ಲ! ಹಾಗೇ ಕೈ ಹಿಡ್ಕೊಂಡು ಒಂದೊಂದು ಹೆಲ್ಮೆಟ್ಟಿನ ಒಳಗೂ ತೂರಿಸಿ ನೋಡಿದೆ. ಇದರಲ್ಲಿ ಸರಿಯಾಗಿ ಕೂತ್ಕೊಳ್ತು. 'ಇದೇ ಬೇಕಾ?' ಅಂತ ಅಂಗಡಿಯವನು ಎರಡೆರಡು ಸಲ ಕೇಳಿದ. ಇದೇ ಅಂದೆ. ಜೀವಮಾನ ಎಲ್ಲ ತಲೆ ಹಿಡಿದ ಕೈ ಇದು, ಮಗನ ತಲೆ ಮರೆಯುತ್ತಾ?

ಹಾಕ್ಕೊಂಡು ನೋಡಿ. ನೋಡಿ ಅಂದ್ರೆ! ...ಹ್ಹ! ನೆತ್ತಿ ಮೇಲೇ ನಿಂತ್ಕೊಳ್ತು! ನಿಮ್ಮದು ದಪ್ಪ ತಲೆ, ಅದು ಮೊದಲಿಂದ ಗೊತ್ತಿರೋದೇ. ಒತ್ತಿ. ಇನ್ನೂ ಒತ್ತಿ... ಕಿವಿ ತನಕಾನೂ ಬರಲ್ವಾ? ಕೊಡಿ ಇಲ್ಲಿ, ನನ್ನದು ಸಣ್ಣ ತಲೆ. ಅವನು ತಲೇಲೂ ನನ್ನ ಹಾಗೇ... ತಾಳಿ... ಇದೇನಿದು... ಹಣೇನೇ ದಾಟ್ತಿಲ್ಲ...

ನಗಿ ಮೇಸ್ತ್ರಿ. ಆಗಲೇ ನಗಬೇಡಿ ಅಂದ್ರೆ ನಗ್ತಿದ್ರಿ, ಈಗ ಯಾಕೆ ನಗ್ತಿಲ್ಲ?

ಹತ್ತೊಂಬತ್ತರ ಹುಡುಗರು ದಿನಾ ಬರ್ತಾರೆ ಇಲ್ಲಿಗೆ. ಈ ಕೈಯಲ್ಲೇ ಅವರ ತಲೆ ಹಿಡಿದು ಬಗ್ಗಿಸ್ತೀನಿ. ನನಗೆ ಗೊತ್ತಿಲ್ವಾ ಅವರ ತಲೆ ಎಷ್ಟಿರುತ್ತೆ ಅಂತ? ಅಂಗಡಿಯವನು ಎರಡು ಸಲ ಕೇಳಿದ್ನಲ್ಲ... ಇದು... ಇದು ಐದನೇ ಕ್ಲಾಸಿನ ಹುಡುಗನ ತಲೆ.

...ಹನ್ನೊಂದು ತುಂಬಿರಲಿಲ್ಲ. ಅವನಮ್ಮನ ಜೊತೆ ಊರು ಬಿಟ್ಟು ಹೋಗೋ ದಿನ ಬೆಳಿಗ್ಗೆ ಕತ್ತರಿಸಿದ್ದೆ. ಈ ಕುರ್ಚಿ ಕೈಗಳ ಮೇಲೆ ಹಲಗೆ ಅಡ್ಡ ಇಟ್ಟು ಕೂರಿಸಿದೆ. 'ಹಲಗೆ ಬೇಡ ಅಪ್ಪಾ, ನಾನು ದೊಡ್ಡವನಾದೆ' ಅಂದ. ಆದ್ರೂ ಹಾಕಿದೆ. ನಿದ್ದೆ ಬರುತ್ತೆ ಅಂದಿದ್ದು ಅವತ್ತೇ. ಆಮೇಲೆ ಬಂದಿಲ್ಲ ಮೇಸ್ತ್ರಿ. ಒಂದು ಸಲಾನೂ ಬಂದಿಲ್ಲ.

ಕೆಂಪು ಬೈಕು ಅಂತ ಅವನು ಏನೂ ಕೇಳಿಲ್ಲ. ನನ್ನ ಬಾಮೈದ ಬಂದಿದ್ದ ಈಚೆಗೆ, ಫೋನಲ್ಲಿ ಫೋಟೋ ತೋರಿಸಿದ. ಯಾರೋ ಸ್ನೇಹಿತನ ಬೈಕ್ ಮೇಲೆ ಕೂತಿದಾನೆ, ಇಂಥದ್ದೇ, ಇದೇ ಕೆಂಪು. 'ಓಡಿಸೋದು ಕಲೀತಿದಾನೆ. ನೋಡಿ ಭಾವ, ಎಷ್ಟು ಬೆಳೆದಿದಾನೆ' ಅಂದ. ನೋಡಿದೆ. ಏನು ನೋಡೋದು? ತಲೆಗೆ ಹೆಲ್ಮೆಟ್ಟು, ಅದರ ಗಾಜೂ ಇಳಿಸಿದೆ. ಮುಖಾನೇ ಕಾಣಲ್ಲ. ಬೇರೆ ಫೋಟೋ ಇದೆಯಾ ಅಂತ ಕೇಳೋಕೆ ನಾಚಿಕೆ ಆಯ್ತು. ಹೆತ್ತ ಮಗ ಹೇಗಿದಾನೆ ಅಂತ ಇನ್ನೊಬ್ಬರನ್ನ ಕೇಳೋದಾ?

ನಿಮಗೆ ಆಶ್ಚರ್ಯಾನೇ ಆಗಲಿಲ್ವಾ? ಸುಳ್ಳ ಅನ್ನಿ. ಇಷ್ಟು ದಿನ ಕಥೆ ಕಟ್ಟಿದೆಯಲ್ಲೋ ಅನ್ನಿ. ಬೈದುಬಿಡಿ...

...ಓ.

ನಿಮಗೆ ಗೊತ್ತಿತ್ತು.

ಎದುರು ಬಾಗಿಲಲ್ಲಿ ಇರೋರು ನೀವು. ನನಗಿಂತ ಮುಂಚೆ ಶಟರ್ ಎತ್ತೋರು, ನನಗಿಂತ ಆಮೇಲೆ ಇಳಿಸೋರು. ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ, ನಿಮಗೆ ಗೊತ್ತಿಲ್ದೆ ಇರುತ್ತಾ? ಆದ್ರೂ ಕುರ್ಚೀಲಿ ಕೂತ ಕೂಡಲೇ 'ಮಗ ಹೇಗಿದಾನೆ' ಅಂತ ನೀವೇ ಕೇಳ್ತಿದ್ರಿ, ಪ್ರತಿ ಸಲ. ನಾನು ಹೇಳ್ತಿದ್ದೆ. ಅವನು ಹಾಗಂದ, ಹೀಗಂದ. ನೀವು ನೊರೆ ಒಳಗಿಂದ ಹೂಂ, ಹೂಂ ಅಂತಿದ್ರಿ... ನಾಚಿಕೆ ಆಗ್ತಿದೆ ನನಗೆ. ಆ ಕಡೆ ನೋಡಿ ಸ್ವಲ್ಪ.

ಬೈಕು ಅವನಿಗೆ ಆಗಲ್ಲ ಅಂತ ನನಗೂ ಗೊತ್ತು. ಬಿದ್ದ ಗಾಡಿನ, ನಡುಗೋ ಗಾಡಿನ ಕಲಿಯೋ ಹುಡುಗನಿಗೆ ಯಾವ ಅಪ್ಪ ಕೊಡ್ತಾನೆ? ಆದ್ರೆ ಅದನ್ನ ಅಂಗಡಿ ಮುಂದೆ ನಿಲ್ಲಿಸಿ, ಒಂದು ಫೋಟೋ ತೆಗೆದು ಬಾಮೈದನ ಫೋನಿಗೆ ಕಳಿಸೋಣ ಅಂತಿದ್ದೆ. 'ನಿನ್ನದೇ, ಬಂದು ತಗೊಂಡು ಹೋಗೋ' ಅಂತ. ತಗೊಂಡು ಹೋಗೋಕಾದ್ರೂ ಬರಬೇಕಲ್ಲ? ಬಂದ್ರೆ ಕೂತ್ಕೋ ಅಂತೀನಿ. ಟೀ ಕುಡಿ ಅಂತೀನಿ. ಕೂದಲು ಬೆಳೆದಿದೆ ಕಣೋ, ಎರಡೇ ನಿಮಿಷ ಅಂತೀನಿ...

ಬೇಡ. ಸರಿ. ಬೈಕು ಬೇಡ, ನಿಮ್ಮ ಮಾತೇ ಆಗಲಿ. ನಾಳೆ ಬೇರೆ ಯಾರಿಗಾದ್ರೂ ಮಾರಿ. ಹಾಗಾದ್ರೆ ಏನಂತ ಕರೀಲಿ ಅವನನ್ನ, ಅದನ್ನ ಹೇಳಿ. ನನ್ನ ಹತ್ರ ಇನ್ನೇನಿದೆ? ಬರೀ 'ಬಾ' ಅಂತ ಕಳಿಸ್ಲಾ?

ಬರೀ ಬಾ ಅಂದ್ರೆ ಬರ್ತಾನಾ ಮೇಸ್ತ್ರಿ?