ಟೈಮರ್ ತೆಗೆದ ಮೇಲೂ ಓಡಿದ ಕ್ಯಾಸೆಟ್

ಸ್ವಲ್ಪ ಹತ್ತಿರ ಬನ್ನಿ. ಇದು ಜೋರಾಗಿ ಹೇಳೋ ಮಾತಲ್ಲ. ನನ್ನ ದೊಡ್ಡಮ್ಮನ ಮಗಳು, ನನಗೆ ಅಕ್ಕ ಆಗಬೇಕು... ಅವಳಿಗೆ ಆಗಿದ್ದು.

ಅಕ್ಕ ಆಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಸಂಜೆ ಪಾಳಿ. ಮುಗಿಸಿಕೊಂಡು ಹಳೇ ಬಾವಿ ಪಕ್ಕದ ಗಲ್ಲಿಯಲ್ಲಿ ಒಬ್ಬಳೇ ನಡಕೊಂಡು ಬರ್ತಿದ್ದಳು. ಭಾವ ದೂರದ ಬಸ್ಸಿನ ಡ್ರೈವರ್, ಮನೇಲಿರೋದೇ ಅಪರೂಪ. ಮನೇಲಿ ಅತ್ತೆ ಒಬ್ಬರೇ, ಮಂಡಿ ನೋವಿಗೆ ಮಂಚ ಹಿಡಿದಿದ್ದರು.

ಅತ್ತೆ ಸೊಸೆ ಅಂದ್ರೆ ಹಾವು ಮುಂಗುಸಿ ಅಂತಾರಲ್ಲ, ಇವರು ಹಾಗಲ್ಲ. ಇಬ್ಬರಿಗೂ ಒಂದೇ ಧಾರಾವಾಹಿ ಹುಚ್ಚು. "ನೀನಿಲ್ದೆ ನಾನು ನೋಡಲ್ಲ ಕಣೆ" ಅಂತ ಅತ್ತೆ ಹಟ. ಅದಕ್ಕೇ ಅಕ್ಕ ಕೆಲಸಕ್ಕೆ ಹೊರಡೋ ಮುಂಚೆ ವಿಸಿಆರಿಗೆ ಕ್ಯಾಸೆಟ್ ತುರುಕಿ ಟೈಮರ್ ಇಟ್ಟು ಹೋಗೋಳು. ಧಾರಾವಾಹಿ ಹೊತ್ತಿಗೆ ಅದು ತಾನೇ ಎದ್ದು, ರೆಕಾರ್ಡ್ ಮಾಡಿ, ತಾನೇ ಮಲಗೋದು. ಬೆಳಿಗ್ಗೆ ಇಬ್ಬರೂ ಕೂತು ನೋಡೋರು. "ನನ್ನ ಮಗನಿಗಿಂತ ಈ ಡಬ್ಬಾನೇ ವಾಸಿ, ಹೇಳಿದ ಹೊತ್ತಿಗೆ ಏಳುತ್ತೆ" ಅಂತ ಅತ್ತೆ ನಗೋರು.

ಒಂದು ರಾತ್ರಿ ಅಕ್ಕ ಬರೋ ಹೊತ್ತಿಗೆ... ಅತ್ತೆ ಹೋಗಿಬಿಟ್ಟಿದ್ದರು. ಕೈ ಮಂಚದಾಚೆ ಚಾಚಿತ್ತು. ಸ್ಟೂಲಿನ ಮೇಲಿದ್ದ ತಂಬಿಗೆ ಉರುಳಿ, ನೀರೆಲ್ಲ ನೆಲದ ಪಾಲು.

ಬಂದ ನೆಂಟರೆಲ್ಲ ವಾಪಸ್ ಹೋದರು. ಭಾವನೂ ಡ್ಯೂಟಿಗೆ ಹೋದರು. ಅಕ್ಕ ಟೈಮರ್ ತೆಗೆದುಹಾಕಿ ಕೆಲಸಕ್ಕೆ ಹೊರಟಳು. ವಾಪಸ್ ಬರ್ತಾ ಬಾವಿ ದಾಟಿದ್ದೇ ತಡ... ಕಿರ್ರ್... ರಾಟೆ ತಿರುಗಿತು. ಗಾಳಿ ಇರಲಿಲ್ಲ. ತಿರುಗಿ ನೋಡದೆ ಓಡಿದಳು. ಬಾಗಿಲು ತೆಗೆದರೆ ಕತ್ತಲೆ ಕೋಣೆಯಲ್ಲಿ... ಗುಯ್ಯ್... ಕ್ಯಾಸೆಟ್ ಓಡ್ತಿತ್ತು. ಟಕ್. ನಿಂತಿತು.

ಬೆಳಿಗ್ಗೆ ಹಾಕಿ ನೋಡಿದಳು. ಧಾರಾವಾಹಿ ಇಲ್ಲ. ಪರದೆ ತುಂಬ ಬಿಳಿ ಚುಕ್ಕಿ, ಸ್ಸ್ಸ್ ಅನ್ನೋ ಸದ್ದು. ಅದರೊಳಗಿಂದ ಕೆಮ್ಮು. ಆಮೇಲೆ...

"ನೀರು... ಒಂದು ಗುಟುಕು ನೀರು ಕೊಡೇ..."

"ಬಂದೆ ಅತ್ತೆ!" ಅಂತ ಅಕ್ಕ ಎದ್ದೇಬಿಟ್ಟಳಂತೆ. ಲೋಟ ತುಂಬಿಸಿಕೊಂಡು ಬಂದು ಖಾಲಿ ಮಂಚದ ಮುಂದೆ ನಿಂತಳು. ಯಾರಿಗೆ ಕೊಡೋದು?

ರಿಪೇರಿಯವನು ಬಂದ. "ಇದಕ್ಕೆ ಮೈಕೇ ಇಲ್ಲಮ್ಮ, ಕೋಣೆ ಮಾತು ಹೇಗೆ ಹಿಡಿಯುತ್ತೆ?" ಅಂದ. ಟೇಪ್ ಕೇಳಿದ ಮೇಲೆ ಕೂಲೀನೂ ಕೇಳದೆ ಹೊರಟುಹೋದ.

ಹೊಸ ಕ್ಯಾಸೆಟ್ ಹಾಕಿದಳು. ಅದೇ ದನಿ. ಪ್ಲಗ್ ಕಿತ್ತಿಟ್ಟು ಹೋದಳು. ಬಂದು ಮತ್ತೆ ಪ್ಲಗ್ ಹಾಕಿ ಕೇಳಿದರೆ... ಅದೇ ದನಿ. "ಎಸೆದುಬಿಡೋಣ" ಅಂದರು ಭಾವ.

"ಬಾಯಾರಿ ಕೂಗ್ತಿರೋರನ್ನ ಎಸೀತೀರಾ?" ಅಂತ ಅಕ್ಕ ಅತ್ತಳು.

ಕೊನೆಗೆ ರಜೆ ಹಾಕಿ, ನೀರು ಹಿಡಿದು ಮಂಚದ ಪಕ್ಕ ಕೂತಳು. ಭಾವ ಊರಲ್ಲಿರಲಿಲ್ಲ, ಜೊತೆಗೆ ನಾನಿದ್ದೆ.

ಗುಯ್ಯ್... ಶುರುವಾಯ್ತು.

"ಅತ್ತೆ... ಇಲ್ಲೇ ಇದ್ದೀನಿ. ತಗೊಳ್ಳಿ..." ಅಂತ ಪಿಸುಗುಟ್ಟಿದಳು. ಮತ್ತೆ ಮತ್ತೆ ಕರೆದಳು. ಲೋಟವನ್ನ ದಿಂಬಿನ ಹತ್ತಿರ ಚಾಚಿ ಹಿಡಿದಳು. ಕೋಣೆಯಲ್ಲಿ ಉಸಿರಿನ ಸದ್ದೂ ಇಲ್ಲ. ಟಕ್.

ಟೇಪ್ ಹಿಂದಕ್ಕೆ ತಿರುಗಿಸಿ ಹಾಕಿದೆವು. ಅಕ್ಕ ಆಡಿದ ಒಂದು ಮಾತೂ ಅದರಲ್ಲಿರಲಿಲ್ಲ. ಕೆಮ್ಮು. "ನೀರು ಕೊಡೇ..." ಆಮೇಲೆ, ಹೊಸದಾಗಿ... ಬರಿಗಾಲಿನ ಹೆಜ್ಜೆ. ಲೋಟಕ್ಕೆ ನೀರು ಬೀಳೋ ಸದ್ದು. ಗುಟುಕ್... ಗುಟುಕ್... ಒಬ್ಬ ಹೆಂಗಸಿನ ದನಿ, ತಣ್ಣಗೆ.

"ನಿಧಾನ ಅತ್ತೆ... ಇನ್ನೂ ಇದೆ."

ಅಕ್ಕ ನನ್ನ ಕೈ ಹಿಡಕೊಂಡಳು. "ಅದು ನಾನಲ್ಲ ಕಣೋ..."

ಆಮೇಲೆ ಆ ಡಬ್ಬ ತಾನಾಗಿ ಯಾವತ್ತೂ ಏಳಲಿಲ್ಲ. ನಂಬೋದು ಬಿಡೋದು ನಿಮ್ಮಿಷ್ಟ, ನಾನಂತೂ ಕಿವಿಯಾರೆ ಕೇಳಿದ್ದೀನಿ. ಭಾವ ಒಬ್ಬರೇ ಮಗ. ಆ ಮನೆಗೆ ಸೊಸೆ ಅಂತ ಬಂದೋಳು ನಮ್ಮಕ್ಕ ಒಬ್ಬಳೇ.